ಕೂದಲು ಹೆಚ್ಚಾದರೆ ಚಳಿ ಕಡಿಮೆಯೇ?

ಪಕ್ಕದ ಮನೆ ಆಂಟಿ ಒಂದು ಸೇಂಟ್ ಬರ್ನಾರ್ಡ್ ತಂದಿದ್ದಾರೆ. ಮೈತುಂಬ ಉದ್ದ ಕೂದಲು. ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ಪಾಪ, ಏದುಸಿರು ಬಿಡುತ್ತಾ ಬಚ್ಚಲುಮನೆಯ ಕಲ್ಲಿನ ಮೇಲೆ ಬಿದ್ದಿರುತ್ತದೆ. ಅದನ್ನು ನೋಡಿಯೇ ನಾನು ಇದರ ಚರಿತ್ರೆ ಓದಲು ಕೂತಿದ್ದು.

ಸ್ವಿಟ್ಜರ್‌ಲೆಂಡ್-ಇಟಲಿ ಗಡಿಯಲ್ಲಿ, 2469 ಮೀಟರ್ ಎತ್ತರದಲ್ಲಿ, ಗ್ರೇಟ್ ಸೇಂಟ್ ಬರ್ನಾರ್ಡ್ ಎಂಬ ಘಾಟಿ ಇದೆ. ಅಲ್ಲಿನ ಮಠದ ಸನ್ಯಾಸಿಗಳು 17ನೇ ಶತಮಾನದಿಂದ ಈ ನಾಯಿಗಳನ್ನು ಸಾಕಿದರು. ಮೊದಲು ಕಾವಲಿಗೆ, ಆಮೇಲೆ ಹಿಮದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಲಿಕ್ಕೆ. 1800ರಿಂದ 1814ರವರೆಗೆ ಬದುಕಿದ್ದ ಬ್ಯಾರಿ ಎಂಬ ನಾಯಿ ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತು ಅಂತ ಪ್ರತೀತಿ. ಅದರ ಚರ್ಮ ತುಂಬಿದ ದೇಹ ಬರ್ನ್ ನಗರದ ಮ್ಯೂಸಿಯಂನಲ್ಲಿದೆ.

ಮಜಾ ಏನು ಗೊತ್ತಾ? ಬ್ಯಾರಿಗೆ ಇದ್ದದ್ದು ಗಿಡ್ಡ, ಒತ್ತು ಕೂದಲು! 1830ರ ಸುಮಾರಿಗೆ ತಳಿ ಬಲವಾಗಲೆಂದು ನ್ಯೂಫೌಂಡ್‌ಲ್ಯಾಂಡ್ ನಾಯಿಗಳ ಜೊತೆ ಕೂಡಿಸಿದರು. ಉದ್ದ ಕೂದಲಿನ ಮರಿಗಳು ಹುಟ್ಟಿದವು. ಚಳಿಗೆ ಒಳ್ಳೆಯದೇ ಆಯ್ತಲ್ಲ ಅನ್ನಿಸುತ್ತದೆ. ಆದರೆ ಆ ಕೂದಲಿಗೆ ಹಿಮ ಅಂಟಿ, ಗಡ್ಡೆಕಟ್ಟಿ, ನಾಯಿಗೇ ಭಾರವಾಯಿತು. ಮಠದವರು ಅವನ್ನು ಕೆಳಗಿನ ಊರಿನವರಿಗೆ ಕೊಟ್ಟು, ಗಿಡ್ಡ ಕೂದಲಿನವನ್ನೇ ಉಳಿಸಿಕೊಂಡರು.

ಅಂದರೆ ಹಿಮದಲ್ಲೇ ಹೊರೆಯಾದ ಕಂಬಳಿಯನ್ನು ನಾವು ಅಂದ ನೋಡಿ ಬಿಸಿಲಿಗೆ ತಂದಿದ್ದೇವೆ!

ಆಂಟಿ ಪೂರ್ತಿ ಬೋಳಿಸಲು ಹೊರಟಿದ್ದರು. "ಬೇಡ ಆಂಟಿ, ಚರ್ಮಕ್ಕೆ ಬಿಸಿಲು ಹೊಡೆಯುತ್ತೆ. ದಿನಾ ಬಾಚಿ, ಉದುರುವ ಒಳಗೂದಲು ತೆಗೆಯಿರಿ, ಗಾಳಿಯಾಡುತ್ತೆ. ಬಿಸಿಲೇರುವ ಮುಂಚೆ ವಾಕಿಂಗ್ ಮುಗಿಸಿ" ಅಂದೆ.

ನಿನ್ನೆ ಅವರ ಜಗಲಿಯಲ್ಲಿ ಒಂದು ಬುಟ್ಟಿ ಕೂದಲು ಕಂಡಿತು. ಸಮಾಧಾನವಾಯ್ತು :)