ಮರಾಮತ್ತು ಯಾರ ಕೆಲಸ?

ಅರಸೀಕೆರೆಯಿಂದ ಬೇಲೂರಿಗೆ ಹೊರಟ ಬಸ್ಸು ದೊಡ್ಡ ಗುಂಡಿಯೊಂದಕ್ಕೆ ಇಳಿದು ಎದ್ದಾಗ ಪಕ್ಕದಲ್ಲಿದ್ದ ಹಿರಿಯರು ಕೇಳಿದರು: "ಈ ರಸ್ತೆ ಯಾರದು ಸಾಬ್ರೇ?"

ಉತ್ತರ ಸುಲಭವಲ್ಲ. ಅರಸೀಕೆರೆಯ ಒಳಬೀದಿಗಳು ನಗರಸಭೆಯವು, ಬೇಲೂರಿನವು ಪುರಸಭೆಯವು. ಹಳ್ಳಿಯೊಳಗಿನ ದಾರಿ ಗ್ರಾಮ ಪಂಚಾಯತಿಯದು, ಹಳ್ಳಿಯಿಂದ ಹಳ್ಳಿಗೆ ಹೋಗುವುದು ಜಿಲ್ಲಾ ಪಂಚಾಯತಿಯದು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಮಂಗಳೂರಿನಿಂದ ಮೂಡಿಗೆರೆ, ಬೇಲೂರು, ಬಾಣಾವರ, ಅರಸೀಕೆರೆಗಳ ಮೇಲೆ ತುಮಕೂರಿಗೆ ಹೋಗುವ 73ನೇ ಹೆದ್ದಾರಿ ರಾಷ್ಟ್ರೀಯ. ದಾರಿ ಒಂದೇ, ಒಡೆಯರು ಹಲವರು. ಹೀಗಾಗಿ 'ಇದು ನಮ್ಮದಲ್ಲ' ಎನ್ನಲು ಎಲ್ಲರಿಗೂ ಅವಕಾಶವಿದೆ.

ಉರ್ದು ಶಾಲೆಯಲ್ಲಿ ನಾವು ಕಲಿತ 'ಮರಮ್ಮತ್' ಕನ್ನಡದಲ್ಲಿ ಮರಾಮತ್ತು ಆಗಿದೆ. ಮೈಸೂರಿನಲ್ಲಿ ಒಂದು ಕಾಲಕ್ಕೆ ಮರಾಮತ್ ಇಲಾಖೆಯೇ ಇತ್ತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ಸಂಸ್ಥಾನದಾದ್ಯಂತ 1,500 ಮೈಲಿಗೂ ಹೆಚ್ಚು ರಸ್ತೆ, 300ಕ್ಕೂ ಹೆಚ್ಚು ಸೇತುವೆಗಳಾದವು. 1856ರಲ್ಲಿ ಲೋಕೋಪಯೋಗಿ ಇಲಾಖೆ ಬಂತು. ಮುಂದೆ ಸ್ಥಳೀಯ ರಸ್ತೆಗಳಿಗೆಂದು ಭೂಕಂದಾಯದ ಜೊತೆ ಸೆಸ್ ವಸೂಲಾಯಿತು. ಆ 'ಲೋಕಲ್ ಫಂಡ್' ರೈತನ ಜೇಬಿನದು. ಆದರೆ ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ತೀರ್ಮಾನಿಸುತ್ತಿದ್ದ ಸಮಿತಿಗಳು ಅಧಿಕಾರಿಗಳ ಕೈಯಲ್ಲಿದ್ದವು.

1902ರ ಕಾಯ್ದೆಯಿಂದ ತಾಲ್ಲೂಕು, ಜಿಲ್ಲಾ ಬೋರ್ಡುಗಳು ಬಂದವು. 1926ರ ಕಾಯ್ದೆ ಜಿಲ್ಲಾ ಬೋರ್ಡುಗಳಿಗೆ ಹೊಸ ರೂಪ ಕೊಟ್ಟಿತು. 1959ರ ಕಾಯ್ದೆಯಲ್ಲಿ ತಾಲ್ಲೂಕು ಬೋರ್ಡುಗಳಿಗೆ ಮತ್ತೆ ಮಹತ್ವ ಬಂದರೂ ಜಿಲ್ಲಾ ಮಟ್ಟದಲ್ಲಿ ಉಳಿದದ್ದು ಸಲಹೆ ಕೊಡುವ ಪರಿಷತ್ತು ಮಾತ್ರ.

ಇದನ್ನು ಬದಲಿಸಲು ಹೊರಟವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಬರಗಾಲದಲ್ಲಿ ಕೊಳವೆಬಾವಿ ತೋಡಿಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಅವರ ಇನ್ನೊಂದು ಕೊಡುಗೆ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಅವರು ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪಿಸಿದ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಹಳ್ಳಿಯ ರಸ್ತೆಯ ಬಗ್ಗೆ ಓಟು ಪಡೆದವರು ಹೇಳುವುದು, ಎಂಜಿನಿಯರ್ ಕೇಳುವುದು ಎಂಬ ಕ್ರಮ ಅಂದು ಶುರುವಾಯಿತು. 1988ರ ಅಕ್ಟೋಬರಿನಲ್ಲಿ ಸಾಬ್ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಸಂವಿಧಾನದ 73ನೇ ತಿದ್ದುಪಡಿ, 1993ರ ಕಾಯ್ದೆ ಬಂದ ಮೇಲೂ ಆ ಚಾಳಿ ಹೋಗಲಿಲ್ಲ. 2021ರಲ್ಲಿ ಅವಧಿ ಮುಗಿಸಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯಾಗಲಿಲ್ಲ. ಆಗ ರಸ್ತೆ ಕೆಟ್ಟರೆ ಬೈಯಲಿಕ್ಕೂ ನಮ್ಮ ಸದಸ್ಯ ಎಂಬವನಿರಲಿಲ್ಲ.

ಇದು ಬರೀ ರಾಜಕೀಯದ ಮಾತಲ್ಲ. ಅರಸೀಕೆರೆ ತೆಂಗಿನ ಬಯಲುಸೀಮೆ. ಬೇಲೂರು ಮಲೆನಾಡಿನ ಸೆರಗು. ಒಂದು ಕಡೆ ಕೆರೆ ತುಂಬಿದರೆ ಹಬ್ಬ, ಇನ್ನೊಂದು ಕಡೆ ಮಳೆಗಾಲವಿಡೀ ನೀರು. ರಸ್ತೆಯನ್ನು ತಿನ್ನುವುದು ಗಾಡಿಗಿಂತ ನಿಂತ ನೀರು. ಮುಂಗಾರಿಗೆ ಮೊದಲು ಚರಂಡಿಯ ಹೂಳು ತೆಗೆದರೆ ಅರ್ಧ ಮರಾಮತ್ತು ಆದಂತೆ. ಯಾವ ಮೋರಿ ಕಟ್ಟಿಕೊಂಡಿದೆ ಎಂಬುದು ಬೆಂಗಳೂರಿನ ಕಡತಕ್ಕೆ ಗೊತ್ತಾಗುವುದಿಲ್ಲ. ಆ ಊರಿನ ಹಾಲಿನವನಿಗೆ ಗೊತ್ತು.

ಹೊಸ ರಸ್ತೆಗೆ ಶಂಕುಸ್ಥಾಪನೆ, ಹಾರ, ಫಲಕ ಎಲ್ಲ ಉಂಟು. ಮರಾಮತ್ತಿಗೆ ಯಾರೂ ಹಾರ ಹಾಕುವುದಿಲ್ಲ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಿಸಬೇಕೆಂಬ ಷರತ್ತು ಹಾಕಿತು. ಒಳ್ಳೆಯದೇ. ಆರನೇ ವರ್ಷದ ಮಳೆಗೆ ಮಾತ್ರ ಷರತ್ತು ಗೊತ್ತಿಲ್ಲ.

ಬೇಲೂರಿನ ಸುಟ್ಟುಹೋದ ಗೋಪುರವನ್ನು 1397ರಲ್ಲಿ ಮತ್ತೆ ಕಟ್ಟಿಸಿದ ವಿಜಯನಗರದ ದಂಡನಾಯಕ ಗುಂಡನ ಹೆಸರು ಶಾಸನದಲ್ಲಿದೆ. ಬೇಲೂರು, ಹಳೇಬೀಡು ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಟ್ಟಿದವರಷ್ಟೇ ಕಾಪಾಡಿದವರೂ ಆ ಗೌರವಕ್ಕೆ ಕಾರಣ. ಅವುಗಳ ಬಳಿ ಹೋಗುವ ದಾರಿಯ ಗುಂಡಿಗೆ ಬಿಸಿಲಲ್ಲಿ ಜಲ್ಲಿ ತುಂಬಿದ ಕೂಲಿಯವಳಿಗೆ ಶಾಸನವಿಲ್ಲ.

ಶಾಸನ ಬೇಡ, ಲೆಕ್ಕವಾದರೂ ಇರಲಿ. ಗ್ರಾಮ ಪಂಚಾಯತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು. ಆ ದಿನ ಲೆಕ್ಕಪುಸ್ತಕವನ್ನೂ ಕಾಮಗಾರಿಯನ್ನೂ ಜನರೆದುರು ಪರಿಶೀಲಿಸಬೇಕು. ಹಿಂದೆ ಸರ್ಕಾರ ರೈತನ ಕಂದಾಯದ ಲೆಕ್ಕ ತೆಗೆಯುತ್ತಿದ್ದುದಕ್ಕೂ ಇದೇ ಹೆಸರಿತ್ತು. ಈಗ ಜನ ಸರ್ಕಾರದ ಲೆಕ್ಕ ಕೇಳಬಹುದು. ಆದರೆ ಕೇಳಲು ಹೋಗುವವರು ಎಷ್ಟು ಮಂದಿ?

ಹಿರಿಯರಿಗೆ ಅಂದು ಏನು ಹೇಳುವುದೆಂದು ತೋಚಲಿಲ್ಲ. ಹಳೇಬೀಡಿನಲ್ಲಿ ಅವರು ಇಳಿದುಹೋದರು. ಈಗ ಕೇಳಿದರೆ ಹೇಳುತ್ತೇನೆ: "ರಸ್ತೆ ನಿಮ್ಮದೇ ಯಜಮಾನ್ರೇ. ಮುಂದಿನ ಜಮಾಬಂದಿಗೆ ತಪ್ಪದೆ ಹೋಗಿ."