ಆಟಿಕೆ ಪಿಸ್ತೂಲು, ಅಸಲಿ ಗುಂಡು: ಬಿಟ್ಟುಹೋದ ಒಂದು ‘ಬಹುಶಃ’

ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರ. 2014ರ ನವೆಂಬರ್ 22, ಮಧ್ಯಾಹ್ನ. ತುರ್ತು ಸಂಖ್ಯೆ 911ಕ್ಕೆ ಒಂದು ಕರೆ ಬಂತು. ಪಾರ್ಕಿನಲ್ಲಿ ಒಬ್ಬ ಪಿಸ್ತೂಲು ಹಿಡಿದು ಜನರ ಕಡೆ ತೋರಿಸುತ್ತಿದ್ದಾನೆ ಎಂದರು ಕರೆ ಮಾಡಿದವರು. ಜೊತೆಗೆ ಎರಡು ಮಾತು ಸೇರಿಸಿದರು: ಪಿಸ್ತೂಲು ಬಹುಶಃ ನಕಲಿ, ಹಿಡಿದವನು ಬಹುಶಃ ಇನ್ನೂ ಹುಡುಗ. ಕರೆ ತೆಗೆದುಕೊಂಡ ಸಿಬ್ಬಂದಿಯಿಂದ ವೈರ್‌ಲೆಸ್‌ಗೆ ಹೋಗುವಷ್ಟರಲ್ಲಿ ಎರಡೂ ‘ಬಹುಶಃ’ ಬಿದ್ದುಹೋದವು. ಗಸ್ತಿನ ಕಾರಿಗೆ ತಲುಪಿದ್ದು, ಪಾರ್ಕಿನಲ್ಲಿ ಪಿಸ್ತೂಲು ಹಿಡಿದ ಕಪ್ಪು ವರ್ಣೀಯನೊಬ್ಬ ಇದ್ದಾನೆ ಎಂಬುದಷ್ಟೇ.

ಕಾರು ಹುಲ್ಲಿನ ಮೇಲೆ ನುಗ್ಗಿ ಅವನ ಪಕ್ಕದಲ್ಲೇ ನಿಂತಿತು. ಎರಡು ಸೆಕೆಂಡಿನೊಳಗೆ ಪೊಲೀಸ್ ಅಧಿಕಾರಿ ಗುಂಡು ಹಾರಿಸಿದ. ಬಿದ್ದವನು 12 ವರ್ಷದ ಟಮೀರ್ ರೈಸ್. ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಗುಂಡಿನ ಏರ್‌ಸಾಫ್ಟ್ ಪಿಸ್ತೂಲು. ಮರುದಿನ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ.

ಇಂಥ ಸಾವು ಅಲ್ಲಿ ಮೊದಲನೆಯದಲ್ಲ. ಹಿಂದಿನ ಮೂವತ್ತು ವರ್ಷದ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದಾಗ ನಮಗೆ ಒಂದು ವಿಷಯ ಎದ್ದು ಕಂಡಿತು. ಪ್ರತಿ ಸಲವೂ ಆಟಿಕೆಯನ್ನು ತಿದ್ದಲು ಕಾನೂನು ಹೊರಟಿತು. ಪೊಲೀಸರು ಸ್ಥಳಕ್ಕೆ ಹೋಗುವ ರೀತಿಯನ್ನು ತಿದ್ದುವ ಮಾತು ಹಿಂದೆಯೇ ಉಳಿಯಿತು.

1983ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾಂಟನ್ ಎಂಬ ಊರಿನಲ್ಲಿ, ಮನೆಯವರು ಕ್ಷೇಮವಾಗಿದ್ದಾರೆಯೇ ಎಂದು ನೋಡಲು ಹೋದ ಪೊಲೀಸ್ ಅಧಿಕಾರಿ ಐದು ವರ್ಷದ ಮಗುವಿಗೆ ಗುಂಡು ಹೊಡೆದ. ತಾಯಿ ಕೆಲಸಕ್ಕೆ ಹೋಗಿದ್ದಳು. ಮಗು ಒಂಟಿಯಾಗಿತ್ತು, ಅದರ ಕೈಯಲ್ಲಿ ಆಟಿಕೆ ಪಿಸ್ತೂಲಿತ್ತು.

ಆದರೆ ಕಾನೂನಿನ ಚರ್ಚೆಗೆ ಬಿಸಿ ತಾಗಿದ್ದು 1987ರಲ್ಲಿ, ಟಿವಿ ಸ್ಟುಡಿಯೊದಿಂದ. ಲಾಸ್ ಏಂಜಲೀಸ್‌ನ ಚಾನೆಲ್ ಒಂದರಲ್ಲಿ ಗ್ರಾಹಕ ವ್ಯವಹಾರಗಳ ವರದಿಗಾರ ಡೇವಿಡ್ ಹೊರೊವಿಟ್ಜ್ ನೇರಪ್ರಸಾರದಲ್ಲಿದ್ದಾಗ ಒಬ್ಬ ಒಳನುಗ್ಗಿ, ಬೆನ್ನಿಗೆ ಪಿಸ್ತೂಲು ಹಿಡಿದು, ತಾನು ಬರೆದು ತಂದದ್ದನ್ನು ಓದಿಸಿದ. ಪ್ರಸಾರವನ್ನು ಮೊದಲೇ ನಿಲ್ಲಿಸಿದ್ದರು, ಅದು ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ನೋಡಿದರೆ ಪಿಸ್ತೂಲು ಅಸಲಿಯಲ್ಲ. ಆಮೇಲೆ ಹೊರೊವಿಟ್ಜ್ ಅಸಲಿಯಂತೆ ಕಾಣುವ ಆಟಿಕೆ ಬಂದೂಕುಗಳ ವಿರುದ್ಧ ಚಳವಳಿಯನ್ನೇ ನಡೆಸಿದರು.

1988ರಲ್ಲಿ ಅಮೆರಿಕದ ಸಂಸತ್ತು ಒಂದು ನಿಯಮ ತಂದಿತು: ಆಟಿಕೆ ಬಂದೂಕಿನ ನಳಿಗೆಯ ತುದಿಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಬಿರಡೆ ಇರಬೇಕು. ತಮಾಷೆಯೆಂದರೆ ಈ ನಿಯಮ ಬಂದದ್ದು ಇಂಧನ ಉಳಿತಾಯದ ಕಾಯ್ದೆಯೊಂದರ ಬಾಲವಾಗಿ. ಬಿಬಿ ಗನ್ನಿನಂಥ ಗಾಳಿಬಂದೂಕುಗಳನ್ನು ಅದರಿಂದ ಹೊರಗಿಟ್ಟರು. ಬಿರಡೆ ಪೊಲೀಸರ ಕಣ್ಣಿಗೆ ಬೀಳುತ್ತದೆಯೇ ಎಂದು ನ್ಯಾಯ ಇಲಾಖೆಯ ಸಂಶೋಧನಾ ವಿಭಾಗ ಪರೀಕ್ಷೆ ಮಾಡಿಸಿತು. ಇದನ್ನು ನೆಚ್ಚಿಕೊಂಡು ಅಸಲಿ ನಕಲಿ ಗುರುತಿಸಲಾಗದು ಎಂಬ ಉತ್ತರ ಬಂತು. ಆದರೂ ಬಿರಡೆಯೇ ಪರಿಹಾರವಾಗಿ ಉಳಿಯಿತು.

1994ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ವಸತಿ ಕಟ್ಟಡದ ಮೆಟ್ಟಿಲ ಮೇಲೆ ಗೆಳೆಯರ ಜೊತೆ ಕಳ್ಳ-ಪೊಲೀಸ್ ಆಡುತ್ತಿದ್ದ 13ರ ನಿಕೊಲಸ್ ಹೇವರ್ಡ್ ಪೊಲೀಸ್ ಗುಂಡಿಗೆ ಬಲಿಯಾದ. ಅಸಲಿಯಂತೆ ಕಾಣುವ ಬಂದೂಕು ಮಾರುವುದಿಲ್ಲ ಎಂದು ದೊಡ್ಡ ಆಟಿಕೆ ಅಂಗಡಿ ಸರಪಳಿಗಳು ಘೋಷಿಸಿದವು. ಗುಂಡು ಹೊಡೆದ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಯಲಿಲ್ಲ.

2013ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂತಾ ರೋಸಾದಲ್ಲಿ 13ರ ಆಂಡಿ ಲೋಪೆಜ್ ಎಕೆ-47ನಂತೆ ಕಾಣುವ ಏರ್‌ಸಾಫ್ಟ್ ಬಂದೂಕು ಹಿಡಿದು ರಸ್ತೆಬದಿ ನಡೆಯುತ್ತಿದ್ದ. ಹಿಂದಿನಿಂದ ಕೂಗು ಕೇಳಿ ತಿರುಗಿದ. ಎಂಟು ಗುಂಡು ಹಾರಿದವು, ಏಳು ತಗುಲಿದವು. ಮುಂದಿನ ವರ್ಷ ಕ್ಯಾಲಿಫೋರ್ನಿಯಾ ಮತ್ತೊಂದು ಕಾನೂನು ಮಾಡಿತು. ಅದೂ ಏರ್‌ಸಾಫ್ಟ್ ಬಂದೂಕಿನ ಮೇಲೆ ಗಾಢ ಬಣ್ಣದ ಗುರುತು ಇರಬೇಕೆಂದೇ.

ಆಂಡಿಯ ಬಂದೂಕೂ ಟಮೀರನ ಪಿಸ್ತೂಲೂ ಗೆಳೆಯರಿಂದ ಇಸಕೊಂಡವು. ಎರಡಕ್ಕೂ ಕಿತ್ತಳೆ ತುದಿ ಇರಲಿಲ್ಲ. ಹುಡುಗರ ಕೈಗೆ ಸಿಕ್ಕ ಆಟಿಕೆಯ ತುದಿ ಮುರಿಯುತ್ತದೆ, ಕಳಚುತ್ತದೆ. ಒಂದು ಮಗುವಿನ ಜೀವವನ್ನು ಅಂಥ ತುದಿಗೆ ಕಟ್ಟಿದ ವ್ಯವಸ್ಥೆಯ ಬಗ್ಗೆ ಏನು ಹೇಳೋಣ?

ಟಮೀರನ ಪ್ರಕರಣ ಈ ಸಾಲಿನಲ್ಲಿ ಬೇರೆಯಾಗಿ ನಿಲ್ಲುವುದು ಅಲ್ಲಿ ಕ್ಯಾಮೆರಾ ಇದ್ದ ಕಾರಣಕ್ಕೆ. ಅವನು ಗುಂಪಿನೊಂದಿಗೆ ಕುಳಿತಿದ್ದ ಎಂದು ಪೊಲೀಸರ ಕಡೆಯಿಂದ ಮೊದಲು ಬಂದ ಹೇಳಿಕೆ. ವಿಡಿಯೊದಲ್ಲಿ ಅವನು ಒಬ್ಬನೇ. ಗುಂಡು ಹೊಡೆದ ಮೇಲೆ ವೈರ್‌ಲೆಸ್‌ನಲ್ಲಿ ಹೇಳಿದ ವಯಸ್ಸು ಸುಮಾರು 20. ಓಡಿಬಂದ 14 ವರ್ಷದ ಅಕ್ಕನನ್ನು ನೆಲಕ್ಕೆ ಕೆಡವಿ, ಕೋಳ ತೊಡಿಸಿ, ಕಾರಿನಲ್ಲಿ ಕೂರಿಸಿದರು. ಸುಮಾರು ನಾಲ್ಕು ನಿಮಿಷ ಯಾರೂ ಪ್ರಥಮ ಚಿಕಿತ್ಸೆ ಕೊಡಲಿಲ್ಲ. ಬೇರೆ ಕೆಲಸದ ಮೇಲೆ ಹತ್ತಿರದಲ್ಲಿದ್ದ ಎಫ್‌ಬಿಐ ಅಧಿಕಾರಿಯೊಬ್ಬರು ಬಂದ ಮೇಲೇ ಅದು ಶುರುವಾಯಿತು. ದೊಡ್ಡವರು ಬಂದೂಕನ್ನು ಬಹಿರಂಗವಾಗಿ ಹಿಡಿದು ಓಡಾಡುವುದಕ್ಕೆ ಓಹಾಯೊದಲ್ಲಿ ಕಾನೂನಿನ ಅಡ್ಡಿಯಿಲ್ಲ ಎಂಬುದನ್ನೂ ಇದರ ಪಕ್ಕದಲ್ಲೇ ಇಟ್ಟು ಓದಬೇಕು.

2015ರ ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಜ್ಯೂರಿ ಇಬ್ಬರು ಅಧಿಕಾರಿಗಳ ಮೇಲೂ ಆರೋಪ ಹೊರಿಸಲಿಲ್ಲ. 2016ರಲ್ಲಿ ನಗರಾಡಳಿತ, ತಪ್ಪು ಒಪ್ಪಿಕೊಳ್ಳದೆ, 60 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಗುಂಡು ಹೊಡೆದ ಅಧಿಕಾರಿಯ ಕೆಲಸ 2017ರಲ್ಲಿ ಹೋಯಿತು. ಕಾರಣ ಟಮೀರನ ಸಾವಲ್ಲ, ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ ಕೊಟ್ಟ ಸುಳ್ಳು ಮಾಹಿತಿ. ಹಿಂದೆ ಅವನಿದ್ದ ಠಾಣೆಯವರು ಈತ ಈ ಕೆಲಸಕ್ಕೆ ತಕ್ಕವನಲ್ಲ ಎಂದು ಬರೆದಿಟ್ಟಿದ್ದರು. ನೇಮಿಸಿಕೊಂಡವರು ಆ ಕಡತವನ್ನೇ ತರಿಸಿ ನೋಡಿರಲಿಲ್ಲ. ಕರೆಯ ಪೂರ್ತಿ ವಿವರ ಮುಂದಕ್ಕೆ ದಾಟಿಸದ ಸಿಬ್ಬಂದಿಗೆ ಆದ ಶಿಕ್ಷೆ ಎಂಟು ದಿನದ ಅಮಾನತು.

ಒಂದು ಮಾತು ದಾಟಿಸಲಿಲ್ಲ, ಒಂದು ಕಡತ ತೆರೆಯಲಿಲ್ಲ, ಕಾರನ್ನು ದೂರದಲ್ಲಿ ನಿಲ್ಲಿಸಿ ಕೂಗಿ ಮಾತಾಡಿಸಲಿಲ್ಲ. ಈ ಮೂರನ್ನೂ ಯಾವ ಬಣ್ಣದ ಬಿರಡೆಯೂ ಸರಿಮಾಡಲಾರದು.

ಅಮೆರಿಕದ ಈ ಚರಿತ್ರೆಯನ್ನು ಇಲ್ಲಿ ಕುಳಿತು ಬರೆಯುವುದೇಕೆ ಎಂದು ನೀವು ಕೇಳಬಹುದು. ದಾಟಿಸುವ ಕೆಲಸ ನಮ್ಮದೂ ಹೌದು. ಠಾಣೆಯಿಂದ ಬಂದ ನಾಲ್ಕು ಸಾಲನ್ನು ರಾತ್ರಿ ಎಡಿಷನ್ನಿಗೆ ಮುಂಚೆ ಡೆಸ್ಕಿಗೆ ಮುಟ್ಟಿಸುವವರು ನಾವು. ‘ಎನ್ನಲಾಗಿದೆ’, ‘ಶಂಕೆ’ ಎಂಬ ಮಾತುಗಳು ಜಾಗ ಸಾಲದೆ ಹೆಡ್‌ಲೈನಿನಿಂದ ಉದುರುವುದನ್ನು ಎಷ್ಟೋ ಸಲ ನೋಡಿದ್ದೇವೆ, ನಾವೇ ಉದುರಿಸಿಯೂ ಇದ್ದೇವೆ. ಮರುದಿನ ಅದು ಯಾರದೋ ಮಗನ ಹೆಸರಿನ ಪಕ್ಕ ಖಚಿತ ಸುದ್ದಿಯಾಗಿ ಕೂತಿರುತ್ತದೆ. ಕ್ಲೀವ್‌ಲ್ಯಾಂಡಿನಲ್ಲಿ ಕರೆ ಮಾಡಿದವರು ಹೇಳಬೇಕಾದ್ದನ್ನು ಹೇಳಿಯೇ ಇದ್ದರು. ಮುಂದಕ್ಕೆ ದಾಟಿಸಬೇಕಾದವರು ದಾಟಿಸಲಿಲ್ಲ.