ಇಂಗ್ಲಿಷ್ ಪತ್ರಲೇಖನ: 'ಇಫ್' ಪಕ್ಕ 'ವಿಲ್' ಬೇಡ

ಸಿಂಗಟಾಲೂರು (ಮುಂಡರಗಿ): ಏತ ನೀರಾವರಿ ಕಾಲುವೆ ನೀರಿನ ಬಗ್ಗೆ ಅಧಿಕಾರಿಗೆ ಪತ್ರ ಬರೀರಿ ಅಂದ್ರೆ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಷಯ ಗೊತ್ತು, ಅಂಕ ಹೋಗೋದು ಕ್ರಿಯಾಪದದಲ್ಲಿ.

'ಇಫ್ ವಾಟರ್ ವಿಲ್ ಕಮ್, ವಿ ವಿಲ್ ಸೋ' ತಪ್ಪು. 'ಇಫ್ ವಾಟರ್ ಕಮ್ಸ್' ಸರಿ. ಕನ್ನಡದಲ್ಲೇ ನೋಡ್ರಿ: 'ನೀರು ಬಂದರೆ ಬಿತ್ತುತ್ತೇವೆ' ಅಂತೀವಿ. 'ಬಂದರೆ'ಯಲ್ಲಿ ಭವಿಷ್ಯತ್ ಕಾಲ ಎಲ್ಲಿದೆ? ಅದನ್ನು 'ಬಿತ್ತುತ್ತೇವೆ' ಹೊತ್ತುಕೊಂಡಿದೆ. ಇಂಗ್ಲಿಷಿನದೂ ಇದೇ ಲೆಕ್ಕ. 'ನೀರು ಬರೋತನಕ' ಅನ್ನೋದಕ್ಕೂ 'ಅನ್‌ಟಿಲ್ ವಾಟರ್ ಕಮ್ಸ್' ಸಾಕು.

ಆದರೆ ನಮ್ಮ 'ಅಂತ' ಮೋಸ ಮಾಡುತ್ತೆ. 'ನೀರು ಬಿಡ್ತೀವಿ ಅಂತ ಹೇಳಿದ್ರು' ಅನ್ನೋದನ್ನ 'ದೆ ಟೋಲ್ಡ್ ದಟ್' ಅಂತ ಬರೀತಾರೆ. 'ಟೋಲ್ಡ್' ಆದಮೇಲೆ ಯಾರಿಗೆ ಅನ್ನೋದು ಬೇಕೇಬೇಕು: 'ದೆ ಟೋಲ್ಡ್ ಅಸ್ ದಟ್'. ಅದು ಬೇಡವಾದ್ರೆ 'ದೆ ಸೆಡ್ ದಟ್'.